ಎಂಟು ಗಂಟೆಗೆ ಮಲಗಿದ

ರಾಮದುರ್ಗ
8 ನವೆಂಬರ್ 2024, ಶುಕ್ರವಾರ

ಮೆಹೆರಾಜ ಆಪಾ, ಸಲಾಂ.

ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ನನ್ನ ತಮ್ಮನ ಹೆಂಡತಿ ಎಂದು ನಗಬೇಡಿ. ಫೋನು ಮುಟ್ಟಬಾರದೆಂದು ಹುಕುಂ ಮಾಡಿದವರು ನಿಮ್ಮ ಅಮ್ಮ. "ತಾಯಿ ದನಿ ಕಿವಿಗೆ ಬಿದ್ರ ಹಾಲಿನ ನೆನಪಾಕ್ಕೈತಿ. ಹಾಲ ಬಿಡಸೂ ನಲವತ್ತ ದಿನ ಫೋನ್ ಗೀನ್ ಏನೂ ಬ್ಯಾಡ" ಎಂದು ಮಕ್ತುಮಬಿಯವರು ಒಮ್ಮೆ ಹೇಳಿದ ಮೇಲೆ ಹೂಲಿಯ ಮನೆಯಲ್ಲಿ ಅದಕ್ಕೆ ಅಪೀಲಿಲ್ಲ. ನೀವು ಕದ್ದು ಮಾಡಿದರೂ ಮಗ ಅಲ್ತು ನಿಮ್ಮ ಕೈಯಿಂದ ಫೋನು ಕಸಿದು ಕಿವಿಗೆ ಹಚ್ಚಿಕೊಳ್ಳುತ್ತಾನೆ, ನನಗೆ ಗೊತ್ತು. ಹೇಗೂ ಇವರ ಟೆಂಪೋ ಮಂಗಳವಾರ, ಶನಿವಾರ ಸವದತ್ತಿಯಿಂದ ಇಲ್ಲಿಗೆ ಬಂದು ಹೋಗುತ್ತದೆ. ಮನೆಯಲ್ಲಿ ನಾವು ಆಡುವ ಮಾತು ಬೇರೆಯಾದರೂ ನಮ್ಮಿಬ್ಬರಿಗೂ ಬರೆಯಲು ಬರುವುದು ಸಾಲಿಯಲ್ಲಿ ಕಲಿತ ಕನ್ನಡ ಒಂದೇ. ಆದ್ದರಿಂದ ಕಾಗದ.

ನಿನ್ನೆ ಮಧ್ಯಾಹ್ನ ಅವನು ನನ್ನ ತೊಡೆಯ ಮೇಲೆ ನಿದ್ದೆ ಹೋದ. ನೀವು ಮೆಲ್ಲಗೆ ಎತ್ತಿಕೊಂಡಿರಿ. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಕಳ್ಳಿಯ ಹಾಗೆ ಹೊರಟೆ. ಮಕ್ಕಳನ್ನು ಬಿಟ್ಟು ಹೋಗುವವರು ಕಣ್ಣು ತಪ್ಪಿಸಿಯೇ ಹೋಗಬೇಕು, ಹೇಳಿ ಹೋದರೆ ರಂಪ ಎಂದು ಎಲ್ಲರೂ ಅಂದರು. ಅಂದವರು ಯಾರೂ ರಾಮದುರ್ಗ ಮುಟ್ಟುವವರೆಗೆ ನಾನು ಎಷ್ಟು ಸಲ ಹಿಂದಕ್ಕೆ ತಿರುಗಿದೆನೆಂದು ನೋಡಲಿಲ್ಲ.

ಅಲ್ಲಿಯ ಡಾಕ್ಟರು ಹೇಳಿದ್ದನ್ನೇ ಇಲ್ಲಿಯ ಡಾಕ್ಟರಮ್ಮನೂ ಹೇಳಿದರು. ಏಳು ತಿಂಗಳಾಗಿದೆ, ಮಾಸು ಕೆಳಗಿದೆ, ಹಾಸಿಗೆ ಬಿಟ್ಟು ಏಳಬೇಡ, ಭಾರ ಎತ್ತಬೇಡ, ರಕ್ತ ಕಂಡರೆ ಎರಡೂ ಜೀವಕ್ಕೆ ಅಪಾಯ. ಎರಡು ವರ್ಷದ ಮಗ ಮೈಮೇಲೆ ಬಿದ್ದು ಹಾಲು ಬೇಡುವ ಮನೆಯಲ್ಲಿ ಯಾವ ತಾಯಿ ಮಲಗಿರಬಲ್ಲಳು? ಅದಕ್ಕೇ ಅವನು ಅಲ್ಲಿ, ನಾನು ತವರಿನಲ್ಲಿ.

ಇನ್ನು ಅವನನ್ನು ಮಲಗಿಸುವುದು. ಸಂಜೆಯ ಮಗ್ರಿಬ್ ಅಜಾನ್ ಆಗುವ ಮೊದಲೇ ಒಳಗೆ ಕರೆದುಕೊಳ್ಳಿ. ಬಿಸಿನೀರಿನಲ್ಲಿ ಕಾಲು ತೊಳೆಯಿರಿ, ತಣ್ಣೀರು ಬಿದ್ದರೆ ನಿದ್ದೆ ಹಾರಿಹೋಗುತ್ತದೆ. ಏಳಕ್ಕೆ ಅನ್ನ ಹಾಲು. ಬೆಲ್ಲ ಕೇಳುತ್ತಾನೆ, ಕಡಲೆಬೀಜದಷ್ಟು ಕೊಡಿ. ಆಮೇಲೆ ಯಾರೂ ನಗಿಸಬಾರದು, ಮುಖ್ಯವಾಗಿ ನಿಮ್ಮ ತಮ್ಮ. ಬೇಗ ಮಲಗಲೆಂದು ಗುಮ್ಮನ ಹೆಸರು ಎತ್ತಬೇಡಿ. ನಿದ್ದೆ ಬರುವಾಗ ಪಕ್ಕದಲ್ಲಿದ್ದವರ ಕಿವಿಯ ಹಾಲೆ ಹಿಡಿದು ಹೊಸೆಯುತ್ತಾನೆ. ನೋವಾದರೂ ಬಿಡಿಸಬೇಡಿ, ಬಿಡಿಸಿದರೆ ಮೊದಲಿನಿಂದ ಶುರು.

ಹೊರಡುವ ಹಿಂದಿನ ದಿನ ನಿಮ್ಮ ಅಮ್ಮ ಒಂದು ಮಾತು ಅಂದರು. "ಎರಡನೇದ್ದು ಬಂತಂದ್ರ ದೊಡ್ಡಾಂವನ್ನ ಮೆಹೆರಾಜನ ಉಡ್ಯಾಗ ಹಾಕಿದ್ರಾತು. ಆಕೀಗೂ ಒಂದು ಆಸರ." ನೀವು ಅಲ್ಲೇ ಕೂತಿದ್ದಿರಿ, ಎದ್ದು ಒಳಗೆ ಹೋದಿರಿ. ಅದು ತಮಾಷೆಯ ಮಾತೇ ಅಲ್ಲವೇ ಆಪಾ?

ಅತ್ತರೆ ಅತ್ತ ಎಂದೇ ಬರೆಯಿರಿ.

ನಿಮ್ಮ
ಫರೀನ್


ಹೂಲಿ
11 ನವೆಂಬರ್, ಸೋಮವಾರ

ಫರೀನ್, ಸಲಾಂ.

ನಿನ್ನ ಕಾಗದ ಓದಿದೆ. ಮಗುವನ್ನು ಮಲಗಿಸುವ ಕ್ರಮವೋ, ಡಿ.ಸಿ. ಸಾಹೇಬರ ಆದೇಶವೋ ತಿಳಿಯಲಿಲ್ಲ. ಕಡಲೆಬೀಜದಷ್ಟು ಬೆಲ್ಲವಂತೆ! ನಿನ್ನ ಗಂಡ ನಾಸಿರನನ್ನು ಎತ್ತಿ ಆಡಿಸಿದವಳು ನಾನೇ ಎಂಬುದು ಮರೆತಿರಬೇಕು.

ನೀನು ಹೇಳಿದ ಹಾಗೆಯೇ ಎಲ್ಲ ನಡೆದಿದೆ. ಮೊದಲ ದಿನ ಸ್ವಲ್ಪ ಅತ್ತ. ಎಷ್ಟೆಂದರೆ, ಸ್ವಲ್ಪ. ಈಗ ಕಾಲು ತೊಳೆಸಿಕೊಳ್ಳುತ್ತಾನೆ, ಅನ್ನ ಹಾಲು ತಿನ್ನುತ್ತಾನೆ, ಎಂಟು ಗಂಟೆಗೆ ಮಲಗುತ್ತಾನೆ. ನಿನ್ನೆಯೂ ಎಂಟು ಗಂಟೆಗೆ ಮಲಗಿದ. ಹಾಲು ಕೇಳಲಿಲ್ಲ.

ನೀನು ಅಲ್ಲಿ ಸುಮ್ಮನೆ ಅಂಗಾತ ಬಿದ್ದುಕೊಂಡಿರುವುದೇ ನಮಗೆ ಉಪಕಾರ. ಇಲ್ಲಿಯ ಚಿಂತೆ ತಲೆಗೆ ಹಚ್ಚಿಕೊಳ್ಳಬೇಡ. ಹೊಟ್ಟೆಯೊಳಗಿನದು ಒಂಬತ್ತನೆಯ ತಿಂಗಳಿಗೆ ಬಿದ್ದರೆ ಸಾಕು.

ನಾಸಿರನ ಕೈಯಲ್ಲಿ ಹದಿನೈದು ಖಡಕ್ ರೊಟ್ಟಿ ಕಳಿಸಿದ್ದೇನೆ. ನಿಮ್ಮಮ್ಮನಿಗೆ ಸಲಾಂ ಹೇಳು.

ಮೆಹೆರಾಜ


ರಾಮದುರ್ಗ
15 ನವೆಂಬರ್, ಶುಕ್ರವಾರ

ಆಪಾ, ಸಲಾಂ.

ಕಾಗದ ಕೈಗೆ ಬಂದೊಡನೆ ಮಲಗಿದಲ್ಲೇ ಎರಡು ಸಲ ಓದಿದೆ. ಓದಿದ ಮೇಲೆ ಉಸಿರು ಬಂತು. ಎಂಟು ಗಂಟೆಗೇ? ನನ್ನ ಹತ್ತಿರ ಅವನು ಒಂದು ದಿನವೂ ಒಂಬತ್ತರ ಒಳಗೆ ಕಣ್ಣು ಮುಚ್ಚಿದವನಲ್ಲ. ನಿಮ್ಮ ಕೈಗುಣ ದೊಡ್ಡದು ಬಿಡಿ.

ಖುಷಿಯಾಯಿತು. ಆದರೆ ಖುಷಿಪಟ್ಟು ಮಗ್ಗುಲಾದೆ, ಅಳು ಬಂತು. ನಮ್ಮಮ್ಮ ಬೈದಳು. "ಅತ್ರೂ ಅಳತಿ, ಅಳದಿದ್ರೂ ಅಳತಿ. ಕೂಸು ಅರಾಮ ಮಲಗತೈತಿ ಅಂದ್ರ ಅಲ್ಲಾಗ ಶುಕರ್ ಅನ್ನಬೇಕು." ಅಂದೆ. ಅಂದು ಮತ್ತೆ ಅತ್ತೆ.

ನೀವು ಕೆಲವಕ್ಕೆ ಉತ್ತರ ಬರೆದಿಲ್ಲ. ನನ್ನನ್ನು ಕೇಳುತ್ತಾನೆಯೇ? ಯಾರ ಕಿವಿ ಹಿಡಿಯುತ್ತಾನೆ? ಎದ್ದೊಡನೆ ಏನನ್ನುತ್ತಾನೆ? ಇವರನ್ನು ಕೇಳಿದರೆ "ಅಂವ ಅರಾಮ ಅದಾನ" ಎಂಬ ಒಂದೇ ಪಾಠ ಒಪ್ಪಿಸುತ್ತಾರೆ. ಒಂದು ಫೋಟೋ ತೆಗೆದು ತನ್ನಿ ಎಂದರೆ ಕ್ಯಾಮೆರಾ ಕೆಟ್ಟಿದೆಯಂತೆ. ಹೋದ ತಿಂಗಳು ಟೆಂಪೋದ ಹೊಸ ಟೈರಿನ ನಾಲ್ಕು ಫೋಟೋ ತೆಗೆದ ಫೋನು ಅದು.

ಉಡಿಯ ಮಾತಿಗೂ ನೀವು ಏನೂ ಬರೆಯಲಿಲ್ಲ. ಇರಲಿ.

ನಿಮ್ಮ ರೊಟ್ಟಿ ಕಾಗದದ ಹಾಗೆ ತೆಳ್ಳಗಿವೆ. ಮಗನನ್ನು ಎಂಟಕ್ಕೆ ಮಲಗಿಸಿ ನಿಮಗೆ ಇಷ್ಟು ಪುರುಸೊತ್ತು ಸಿಗುತ್ತಿದೆಯಲ್ಲ, ಒಳ್ಳೆಯದು. ನಾನು ಆರಾಮ. ಡಾಕ್ಟರಮ್ಮ ಎಲ್ಲ ಸರಿ ಇದೆ ಎಂದರು.

ಫರೀನ್


ಹೂಲಿ
18 ನವೆಂಬರ್, ಸೋಮವಾರ

ಫರೀನ್, ಸಲಾಂ.

ನೀನು ಬೇಕಿಲ್ಲದ್ದನ್ನೆಲ್ಲ ಯೋಚಿಸುತ್ತೀಯ. ನಿನ್ನ ಮನಸ್ಸಿಗೆ ಸಮಾಧಾನವಾಗಲೆಂದು ಬಿಡಿಸಿ ಬರೆಯುತ್ತೇನೆ, ಕೇಳು. ಅವನು ನಿನ್ನ ಹೆಸರೇ ಎತ್ತುವುದಿಲ್ಲ. ಹಾಲು ಮರೆತ. ಸಂಜೆ ಆಡಿ, ಉಂಡು, ನನ್ನ ಪಕ್ಕದಲ್ಲಿ ಎಂಟು ಗಂಟೆಗೆ ಮಲಗುತ್ತಾನೆ, ಬೆಳಗಿನವರೆಗೆ ಏಳುವುದಿಲ್ಲ. ಪಕ್ಕದ ಮನೆ ಚನ್ನವ್ವ ನಿನ್ನೆ ಬಂದವಳು ನೋಡಿ, "ನಿನಗ ಚಲೋ ಹೊಂದ್ಯಾನ ಬಿಡವಾ" ಎಂದಳು.

ಆದ್ದರಿಂದ ನೀನು ಯಾವ ಆತುರವನ್ನೂ ಮಾಡಬೇಡ. ನಲವತ್ತಲ್ಲ, ಅರವತ್ತು ದಿನವಾದರೂ ಚಿಂತೆಯಿಲ್ಲ.

ಇಪ್ಪತ್ತೆಂಟು ರೊಟ್ಟಿ ಇವೆ. ಒಡೆಯದ ಹಾಗೆ ಇಳಿಸಿಕೊಳ್ಳಲು ಹೇಳು.

ಮೆಹೆರಾಜ


ರಾಮದುರ್ಗ
22 ನವೆಂಬರ್, ಶುಕ್ರವಾರ

ಆಪಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಸುಧಾರಿಸಿಕೊಳ್ಳಿ. ನಾನು ಆರಾಮವಾಗಿದ್ದೇನೆ. ಉಳಿದ ಯಾವುದರ ಬಗ್ಗೆಯೂ ಬರೆಯಲು ಮನಸ್ಸಿಲ್ಲ, ಒಂದೇ ವಿಷಯ.

ಹನ್ನೊಂದು ದಿನಕ್ಕೆ ತಾಯಿಯ ಹೆಸರು ಮರೆಯುವ ಮಗು ಎಲ್ಲಾದರೂ ಇದೆಯೇ? ನಮ್ಮ ಮನೆಯ ಆಡನ್ನು ಮಾರಿದಾಗ ಅದರ ಮರಿ ತಿಂಗಳುಗಟ್ಟಲೆ ಗೂಟದ ಸುತ್ತ ಒದರಿತ್ತು. ಇವನು ಮನುಷ್ಯರ ಮಗ. ಅಥವಾ ಯಾರಾದರೂ ಮರೆಸುತ್ತಿದ್ದೀರಾ? ನಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಗೊತ್ತು.

ಅರವತ್ತು ದಿನವಾದರೂ ಚಿಂತೆಯಿಲ್ಲ ಎಂದು ಬರೆದಿದ್ದೀರಿ. ಯಾರಿಗೆ ಚಿಂತೆಯಿಲ್ಲ? ನಾನು ನಲವತ್ತನೆಯ ದಿನಕ್ಕೆ ಗೋಡೆಯ ಮೇಲೆ ಗೆರೆ ಹಾಕಿ ಕೂತಿದ್ದೇನೆ. ಅಂದು ಡಿಸೆಂಬರ್ ಹದಿನೇಳು. ಅಂದು ನನ್ನ ಮಗ ನನ್ನ ಹತ್ತಿರ ಇರಬೇಕು. ಎತ್ತಿಕೊಳ್ಳಲಾಗದಿದ್ದರೂ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತೇನೆ.

ಉಡಿಯ ಮಾತು ತಮಾಷೆಯೋ ಅಲ್ಲವೋ? ಮೂರನೆಯ ಸಲ ಕೇಳುತ್ತಿದ್ದೇನೆ. ಹೌದು ಅಥವಾ ಇಲ್ಲ, ಒಂದು ಶಬ್ದ ಬರೆದು ಕಳಿಸಿ.

ಇಷ್ಟು ರೊಟ್ಟಿ ಕಳಿಸಬೇಡಿ. ಇಲ್ಲಿ ತಿನ್ನುವವರಿಲ್ಲ.

ಫರೀನ್


ರಾಮದುರ್ಗ
29 ನವೆಂಬರ್, ಶುಕ್ರವಾರ

ಮೆಹೆರಾಜ ಆಪಾ ಅವರಿಗೆ,

ಮಂಗಳವಾರ ಟೆಂಪೋ ಬಂತು. ನಲವತ್ತು ರೊಟ್ಟಿ ಬಂದವು. ಕಾಗದ ಬರಲಿಲ್ಲ.

ಒಂದು ಶಬ್ದ ಕೇಳಿದ್ದೆ. ಅದನ್ನೂ ಬರೆಯಲಾಗದವರಿಗೆ ನಲವತ್ತು ರೊಟ್ಟಿ ಬಡಿಯಲು ಆಯಿತು. ಇವರನ್ನು ಕೇಳಿದೆ, ಆಕೆ ಯಾಕೆ ಬರೆಯಲಿಲ್ಲ ಎಂದು. ಇವರು ಗೋಡೆ ನೋಡಿದರು. "ಕೆಲಸ ಭಾಳ ಐತಿ ಆಕೀಗೆ" ಎಂದರು. ಏನು ಕೆಲಸ? ಮಗ ಎಂಟಕ್ಕೆ ಮಲಗುತ್ತಾನೆ, ಏಳುವುದಿಲ್ಲ, ತಾಯಿಯನ್ನು ಕೇಳುವುದಿಲ್ಲ. ಇನ್ನೇನು ಕೆಲಸ ನಿಮಗೆ?

ನನಗೆ ಈಗ ಎಲ್ಲ ಅರ್ಥವಾಗಿದೆ. ನಲವತ್ತು ದಿನದ ಕಟ್ಟಳೆ ಹಾಲು ಬಿಡಿಸುವುದಕ್ಕಲ್ಲ, ನನ್ನನ್ನು ಬಿಡಿಸುವುದಕ್ಕೆ. ಬೈಲಹೊಂಗಲದ ನಿಮ್ಮ ಗಂಡನ ಮನೆಯವರು ನಿಮ್ಮನ್ನು ಆರು ವರ್ಷದ ಹಿಂದೆ ಯಾಕೆ ವಾಪಸು ಕಳಿಸಿದರೆಂದು ಊರಿಗೆಲ್ಲ ಗೊತ್ತು, ನಾನು ಒಂದು ದಿನವೂ ಆ ಮಾತು ಎತ್ತಿದವಳಲ್ಲ. ಇಂದು ಎತ್ತುತ್ತಿದ್ದೇನೆ. ಇನ್ನೊಬ್ಬಳ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಯಾರೂ ತಾಯಿಯಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸು ಹತ್ತುತ್ತೇನೆ. ಡಾಕ್ಟರಮ್ಮನನ್ನು ಕೇಳುವುದಿಲ್ಲ, ನಮ್ಮಮ್ಮನಿಗೆ ಹೇಳುವುದಿಲ್ಲ. ಹತ್ತು ಗಂಟೆಗೆ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ಮಗನ ಬಟ್ಟೆ ಕಟ್ಟಿಡಿ. ಏನಾಗುವುದೋ ಆಗಲಿ.

ಫರೀನ್


ಹೂಲಿ
30 ನವೆಂಬರ್, ಶನಿವಾರ ಸಂಜೆ

ಫರೀನ್,

ಬಸ್ಸು ಹತ್ತಬೇಡ. ಮೊದಲು ಇದನ್ನು ಪೂರ್ತಿ ಓದು. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೂ ಇದನ್ನು ಬಾಯಿಂದ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನಾಸಿರ ನಾಳೆ ಭಾನುವಾರವೇ ಖಾಲಿ ಟೆಂಪೋ ತೆಗೆದುಕೊಂಡು ಬರುತ್ತಾನೆ.

ಎಂಟು ಗಂಟೆಗೆ ಮಲಗಿದ ಎಂದು ನಾನು ಬರೆದದ್ದೆಲ್ಲ ಸುಳ್ಳು. ಇಪ್ಪತ್ತಮೂರು ದಿನದಲ್ಲಿ ಒಂದು ದಿನವೂ ಅವನು ಎಂಟಕ್ಕೆ ಮಲಗಿಲ್ಲ.

ನೀನು ಹೋದ ದಿನ ಎದ್ದವನು ಅಳಲಿಲ್ಲ. ಮೊದಲು ಹುಡುಕಿದ. ಬಾಗಿಲ ಹಿಂದೆ, ಮಂಚದ ಕೆಳಗೆ, ಬಚ್ಚಲಲ್ಲಿ, ಜೋಳದ ಚೀಲದ ಸಂದಿಯಲ್ಲಿ. ಎಲ್ಲ ಮುಗಿದ ಮೇಲೆ ಹಿತ್ತಲ ಬಾಗಿಲಿಗೆ ಬಂದು ನಿಂತ. ಅವನಿಗೆ ಹೇಗೆ ಗೊತ್ತಾಯಿತೋ ಅಲ್ಲಾನೇ ಬಲ್ಲ. ಮಗ್ರಿಬ್ ಆದ ಮೇಲೆ ಕಾಲು ತೊಳೆದೆ, ಉಣಿಸಿದೆ. ಉಂಡ. ಹಾಸಿಗೆ ಹಾಸಿದೊಡನೆ ಎದ್ದು ನಿಂತುಕೊಂಡ. ಕೂರಿಸಿದರೆ ನಿಲ್ಲುತ್ತಾನೆ. ಕಣ್ಣು ಎಳೆಯುತ್ತಿದ್ದರೆ ತನ್ನ ಕೈಯಿಂದಲೇ ಕೆನ್ನೆಗೆ ಹೊಡೆದುಕೊಳ್ಳುತ್ತಾನೆ. ತೂಕಡಿಸಿ ಬೀಳುತ್ತಾನೆ, ಬೆಚ್ಚಿ ಎದ್ದು ನನ್ನ ಸೆರಗು ಹಿಡಿದು ಜಗ್ಗಿ ನೋಡುತ್ತಾನೆ. ಅಮ್ಮ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು, ದರ್ಗಾದ ತಾಯಿತ ಕಟ್ಟಿದಳು. ಹತ್ತು ದಿನ ಬೇಕಾಯಿತು ಫರೀನ್, ನನ್ನ ಮಂದ ತಲೆಗೆ ತಿಳಿಯಲು. ಅವನು ಕಣ್ಣು ಮುಚ್ಚಿದಾಗ ನೀನು ಹೋದೆ. ಕಣ್ಣು ಮುಚ್ಚಿದರೆ ಜನ ಹೋಗುತ್ತಾರೆ ಎಂದು ಕಲಿತುಬಿಟ್ಟಿದ್ದಾನೆ. ಅದನ್ನು ಕಲಿಸಿದವರು ನಾವು ಎಲ್ಲರೂ ಸೇರಿ.

ಮೂರನೆಯ ದಿನ ಸಾಕಾಗಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿ ಬಡಿಯಲು ಕೂತೆ. ಸಪ್ಪಳ ಕೇಳುತ್ತ ಕೇಳುತ್ತ ಮಲಗಿದ. ನಿಲ್ಲಿಸಿದೆ, ಎದ್ದ. ಮತ್ತೆ ಬಡಿದೆ, ಮಲಗಿದ. ಕೈ ಸಪ್ಪಳವಾಗುತ್ತಿದ್ದರೆ ಯಾರೂ ಹೋಗಿಲ್ಲ ಎಂದು ಅವನಿಗೆ ನಂಬಿಕೆ. ಈಗ ದಿನಾ ಸಂಜೆ ನನಗೆ "ಫುಪ್ಪು, ಬಡಿ" ಎಂದು ಹೇಳಿ ತಾನೇ ಹಿಟ್ಟಿನ ಡಬ್ಬಿ ಎಳೆದು ತರುತ್ತಾನೆ. ಗಟ್ಟಿ ನಿದ್ದೆ ಬರುವ ಹೊತ್ತಿಗೆ ಹತ್ತು ಗಂಟೆ, ನನ್ನ ಮುಂದೆ ರೊಟ್ಟಿಯ ರಾಶಿ. "ಏನವಾ ಮೆಹೆರಾಜ, ನಿಮ್ಮ ಮನ್ಯಾಗ ದಿನಾ ಮದವಿ ನಡದೈತೇನು?" ಎಂದು ಚನ್ನವ್ವ ಕೇಳಿದಳು. ಅವಳಿಗೆ ಕೊಟ್ಟು, ನಾವು ತಿಂದು, ಮಿಕ್ಕಿದ್ದು ನಿನಗೆ ಬರುತ್ತಿತ್ತು. ಅದು ಪುರುಸೊತ್ತಿನ ರೊಟ್ಟಿಯಲ್ಲ. ಫೋಟೋ ಯಾಕೆ ಬರಲಿಲ್ಲ ಗೊತ್ತೇ? ಅವನ ಕಣ್ಣ ಕೆಳಗೆ ಕಪ್ಪಾಗಿದೆ. ನಾಸಿರನಿಗೆ ನಾನೇ ಆಣೆ ಹಾಕಿಸಿದ್ದೆ.

ಇನ್ನೊಂದು ಇದೆ. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದೂ ಉಪಯೋಗವಿಲ್ಲ. ಹದಿಮೂರನೆಯ ತಾರೀಖು ಸಂಜೆ ಕರೆಂಟು ಹೋಯಿತು. ನೀನು ಬಿಟ್ಟು ಹೋದ ಹಸಿರು ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, ಮಾತಾಡದೆ, ಕತ್ತಲಲ್ಲಿ ಅವನ ಪಕ್ಕ ಹೋಗಿ ಮಲಗಿದೆ. "ಅಮ್ಮೀ" ಎಂದು ಮೈಮೇಲೆ ಬಿದ್ದ. ಎದೆಗೆ ಮುಖ ಒತ್ತಿಕೊಂಡ. ಆಮೇಲೆ ಕೈ ಕಿವಿಗೆ ಬಂತು. ಹಾಲೆ ಹಿಡಿದ, ಹೊಸೆದ, ಬಿಟ್ಟ. ಮತ್ತೊಂದು ಕಿವಿ ಹಿಡಿದು ನೋಡಿದ. ಬಿಟ್ಟು, ಗೋಡೆಯ ಕಡೆ ತಿರುಗಿ ಕೂತುಬಿಟ್ಟ. ಚೀರಲಿಲ್ಲ ಫರೀನ್. ಚೀರಿದ್ದರೆ ಚೆನ್ನಾಗಿತ್ತು. ಎರಡು ದಿನ ನನ್ನ ಕೈಯ ಅನ್ನ ತಿನ್ನಲಿಲ್ಲ.

ಉಡಿಯ ಮಾತು ತಮಾಷೆಯೇ ಎಂದು ಕೇಳಿದೆ. ಅಮ್ಮ ತಮಾಷೆಗೆ ಹೇಳಲಿಲ್ಲ. ನಾನೂ ತಮಾಷೆಗೆ ಕೇಳಿಸಿಕೊಳ್ಳಲಿಲ್ಲ. ಅವತ್ತು ಒಳಗೆ ಹೋಗಿ ಅತ್ತೆ, ಆಸೆಯಿಂದ ಅತ್ತೆ. ಆ ಆಸೆಯೇ ನನ್ನ ತಲೆಗೆ ಓಢಣಿ ಹೊದಿಸಿತು. ಅವನು ನನ್ನ ಕಿವಿ ಬಿಟ್ಟ ಮೇಲೆ ನಾನೂ ಆ ಆಸೆ ಬಿಟ್ಟೆ. ಅವನು ನಿನ್ನವನು. ನಿನ್ನ ಹೆಸರು ಎತ್ತುವುದಿಲ್ಲ ಎಂದು ನಿನ್ನ ಸಮಾಧಾನಕ್ಕೆ ಬರೆದೆ ಎಂದುಕೊಂಡಿದ್ದೆ. ನನ್ನ ಸಮಾಧಾನಕ್ಕೂ ಇತ್ತೇನೋ, ಈಗ ಗೊತ್ತಾಗುವುದಿಲ್ಲ.

ಮಂಗಳವಾರ ಯಾಕೆ ಬರೆಯಲಿಲ್ಲವೆಂದರೆ, ಅದರ ಹಿಂದಿನ ಭಾನುವಾರ ನಾಸಿರ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ. ನೀನು ಅವನಿಗೆ ಹಾಕಿಸಿದ ಆಣೆ ಮುರಿದ. ನನ್ನ ಆ ಕಾಗದ ಮುಟ್ಟಿದ ದಿನವೇ ನಿನಗೆ ರಕ್ತ ಕಂಡಿತಂತೆ. ಮೂರು ದಿನ ಆಸ್ಪತ್ರೆಯಲ್ಲಿದ್ದೆಯಂತೆ. ಆಸ್ಪತ್ರೆಯಿಂದ ಬಂದ ದಿನ "ನಾನು ಆರಾಮವಾಗಿದ್ದೇನೆ" ಎಂದು ಬರೆದಿದ್ದೀಯಲ್ಲ, ನನಗಿಂತ ನೀನೇನು ಕಮ್ಮಿ? ಪೆನ್ನು ಹಿಡಿದೆ, ಮತ್ತೆ ಏನು ಬರೆದು ಏನಾಗುತ್ತದೋ ಎಂದು ಹೆದರಿ ಇಟ್ಟೆ. ರೊಟ್ಟಿ ಕಟ್ಟಿದೆ.

ಬೈಲಹೊಂಗಲದ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವುದಿಲ್ಲ.

ಬಸ್ಸು ಹತ್ತಬೇಡ. ಕಾಲು ಹಿಡಿದು ಕೇಳುತ್ತೇನೆ.

ಮೆಹೆರಾಜ


ರಾಮದುರ್ಗ
1 ಡಿಸೆಂಬರ್, ಭಾನುವಾರ

ಆಪಾ,

ಹತ್ತುವುದಿಲ್ಲ. ಚೀಲ ಬಿಚ್ಚಿದೆ. ನಿಮ್ಮ ತಮ್ಮ ಹೊರಗೆ ಟೆಂಪೋ ಚಾಲೂ ಇಟ್ಟುಕೊಂಡು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ.

ಆ ಮಂಗಳವಾರ ರಕ್ತ ಕಂಡದ್ದು ನಿಮ್ಮ ಕಾಗದದಿಂದ ಅಲ್ಲ. ಮಾಸು ಕೆಳಗಿದ್ದರೆ ಯಾವತ್ತಾದರೂ ಆಗುವುದಿತ್ತು ಎಂದು ಡಾಕ್ಟರಮ್ಮ ಹೇಳಿದರು. ನಾನು ಮುಚ್ಚಿಟ್ಟದ್ದು ಬೇರೆ ಭಯದಿಂದ. ನಿಮಗೆ ತಿಳಿದರೆ ಅತ್ತೆಗೆ ತಿಳಿಯುತ್ತದೆ, "ಈಕೀ ಕೈಲೆ ಒಂದೂ ಆಗೂದಿಲ್ಲ" ಎಂದು ಅಲ್ತುವನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ ಎಂದುಕೊಂಡೆ.

ನಲವತ್ತು ದಿನ ಸಾಕು, ಇಪ್ಪತ್ತಾರಕ್ಕೇ ಮುಗಿಸೋಣ. ಹಾಲು ಕೇಳಿದರೆ ಇಲ್ಲ ಎನ್ನುತ್ತೇನೆ, ಅತ್ತರೆ ಅಳಲಿ, ನನ್ನ ಮುಖ ನೋಡಿಕೊಂಡು ಅಳಲಿ. ಎತ್ತಿಕೊಳ್ಳಲು ನಮ್ಮಮ್ಮ ಇದ್ದಾಳೆ. ಮಂಗಳವಾರ ಕರೆತನ್ನಿ.

ಬೈಲಹೊಂಗಲದ ಸಾಲು ಬರೆದ ಕೈ ನನ್ನದೇ. ಅದಕ್ಕೆ ಮಾಫಿ ಕೇಳುವ ಶಬ್ದ ನನಗೆ ಸಿಗುತ್ತಿಲ್ಲ.

ಫರೀನ್


ಹೂಲಿ
3 ಡಿಸೆಂಬರ್, ಮಂಗಳವಾರ ಬೆಳಿಗ್ಗೆ

ಫರೀನ್,

ಈ ಕಾಗದವನ್ನು ನಾಸಿರ ನಿನ್ನ ಕೈಗೆ ಕೊಡುವ ಹೊತ್ತಿಗೆ ಅಲ್ತು ನಿನ್ನ ಮುಂದೆ ಇರುತ್ತಾನೆ. ನಾನು ಬರುವುದಿಲ್ಲ. ನಾಸಿರ ಬಾ ಎಂದ. ನಾನು ಬಂದರೆ ಅಲ್ತು ನಿನ್ನ ಹತ್ತಿರ ಬರಲು ಹಿಂದೆ ಮುಂದೆ ನೋಡಿದರೆ ನಿನಗೆ ನೋವು, ನೋಡದೆ ಓಡಿ ಬಂದರೆ ನನಗೆ. ಯಾಕೆ ಬೇಕು? ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಬಿಡಲಿ, ಅವಳ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆ ಆರಿಸಿದರೆ ಇಳಿಯುತ್ತದೆ.

ಈ ಸಲ ಕಣ್ಣು ತಪ್ಪಿಸಲಿಲ್ಲ. ಬೆಳಿಗ್ಗೆ ಅವನನ್ನು ಮುಂದೆ ಕೂರಿಸಿಕೊಂಡು ಹೇಳಿದೆ. "ನೀ ಅಮ್ಮಿ ಕಡೆ ಹೊಂಟಿ. ಫುಪ್ಪು ಇಲ್ಲೇ ಇರತಾಳ." ಅರ್ಥವಾಯಿತೋ ಇಲ್ಲವೋ. ನನ್ನ ಬಾಯಿಯನ್ನೇ ನೋಡುತ್ತಿದ್ದ. ಟೆಂಪೋ ಹತ್ತಿಸಿದಾಗ ಚೀರಾಡಿದ, ನನ್ನ ಬಳೆ ಎರಡು ಒಡೆದವು. ಈಗ ಟೆಂಪೋದಲ್ಲಿ ಅವನ ಪಕ್ಕ ಕೂತೇ ಇದನ್ನು ಬರೆಯುತ್ತಿದ್ದೇನೆ. ಆದರೂ ಹೊರಡುವಾಗ ಮರೆಗೆ ನಿಲ್ಲುವುದಿಲ್ಲ. ತಿರುವಿನವರೆಗೆ ಅವನಿಗೆ ಕಾಣುವ ಹಾಗೆ ರಸ್ತೆಯ ಮೇಲೆಯೇ ನಿಂತಿರುತ್ತೇನೆ.

ಅವನ ಎರಡು ಅಂಗಿ ಒಗೆದು ಇಟ್ಟಿದ್ದೇನೆ. ಬೆಲ್ಲ ಈಗ ಕಡಲೆಬೀಜದಷ್ಟಕ್ಕೆ ಕೇಳುವುದಿಲ್ಲ, ತಪ್ಪು ನನ್ನದು.

ಅವನು ಹೇಗೆ ಮಲಗಿದ ಎಂದು ಬರೆ. ಎಷ್ಟು ಗಂಟೆಗೆ ಎಂದು ಬರೆ.

ಮೆಹೆರಾಜ


ರಾಮದುರ್ಗ
6 ಡಿಸೆಂಬರ್, ಶುಕ್ರವಾರ

ಆಪಾ, ಸಲಾಂ.

ನಿನ್ನೆ ನಿಮಗೆ ಒಂದು ಕಾಗದ ಬರೆದೆ. ಅವನು ಓಡಿಬಂದು ನನ್ನ ಕೊರಳು ಕಟ್ಟಿಕೊಂಡ, ಹಾಲು ಕೇಳಲಿಲ್ಲ, ಕಿವಿ ಹಿಡಿದು ಎಂಟು ಗಂಟೆಗೆ ಮಲಗಿದ ಎಂದು ಬರೆದೆ. ಎಷ್ಟು ಸುಲಭವಾಗಿ ಬರೆಯಿತು ಕೈ! ಓದಿ ನೋಡಿದೆ, ನೀವೇ ಬರೆದ ಹಾಗಿತ್ತು. ಹರಿದು ಹಾಕಿದೆ.

ಆದದ್ದು ಹೀಗೆ. ಮಂಗಳವಾರ ಟೆಂಪೋದಿಂದ ಇಳಿದವನು ನನ್ನನ್ನು ನೋಡಿ ನಿಮ್ಮ ತಮ್ಮನ ಕಾಲಿನ ಹಿಂದೆ ಹೋಗಿ ನಿಂತ. ನಾನು ಕೈ ಚಾಚಿದೆ, ಬರಲಿಲ್ಲ. ಸಿಟ್ಟಾಗಿದ್ದ ಆಪಾ, ಎರಡು ವರ್ಷದವನಿಗೆ ಇಷ್ಟು ಸಿಟ್ಟು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬುಧವಾರ ಮಧ್ಯಾಹ್ನ ತಾನಾಗಿಯೇ ಬಂದು ಮಂಚದ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ನನ್ನ ಕಿವಿ ಹಿಡಿದ. ನಾನು ಅಲ್ಲಾಡಲಿಲ್ಲ, ಉಸಿರೂ ಬಿಡಲಿಲ್ಲ. ಆ ಹೊತ್ತಿನಲ್ಲಿ ನನ್ನಷ್ಟು ಸುಖಿ ರಾಮದುರ್ಗದಲ್ಲಿ ಯಾರೂ ಇರಲಿಲ್ಲ.

ಆದರೆ ಸಂಜೆಯಾಯಿತು. ಉಂಡ. ಹಾಸಿಗೆಗೆ ಬಂದ. ನನ್ನ ಕಿವಿ ಒಂದು ಕೈಯಲ್ಲಿ ಹಿಡಿದುಕೊಂಡೇ "ಫುಪ್ಪು?" ಎಂದ. ನಾನು ಕೇಳಿಸದ ಹಾಗೆ ಇದ್ದೆ. "ಫುಪ್ಪು ಎಲ್ಲಿ?" ಎಂದ. ಮಲಗಿದಳು ಎಂದೆ. ಎದ್ದು ಕೂತ. ನಮ್ಮಮ್ಮ ರೊಟ್ಟಿ ಬಡಿದಳು, ನೀವು ಬರೆದಿದ್ದಿರಿ ಎಂದು. ಅಡುಗೆಮನೆಗೆ ಓಡಿದ. ನೋಡಿದ, ಬೇರೆಯವರು ಕೂತಿದ್ದರು. ಅಲ್ಲೇ ಕುಸಿದು ಅತ್ತ. ಹತ್ತೂವರೆಗೆ ಅತ್ತು ಸುಸ್ತಾಗಿ ಮಲಗಿದ. ನಿನ್ನೆಯೂ ಹಾಗೆಯೇ. "ಅಮ್ಮಿ" ಎಂದೂ ಅಳುತ್ತಾನೆ, "ಫುಪ್ಪು" ಎಂದೂ ಅಳುತ್ತಾನೆ, ನಾನು ಪಕ್ಕದಲ್ಲೇ ಇದ್ದರೂ.

ಮೊದಲ ದಿನ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಎರಡನೆಯ ದಿನ ನಾಚಿಕೆಯಾಯಿತು. ಅವನು ನಿಮ್ಮ ಕಿವಿ ಬಿಟ್ಟನೆಂದು ಬರೆದಿದ್ದಿರಿ. ಅವನು ಬಿಟ್ಟದ್ದು ನನ್ನ ಓಢಣಿ ಹೊದ್ದು ಬಂದವಳನ್ನು, ನಿಮ್ಮನ್ನಲ್ಲ. ನೀವು ನೀವಾಗಿಯೇ ಇಷ್ಟು ದಿನ ರೊಟ್ಟಿ ಬಡಿದದ್ದು ಅವನಿಗೆ ನೆನಪಿದೆ.

ಉಡಿಯಲ್ಲಿ ಹಾಕುವ ಮಾತು ನನ್ನಿಂದ ಆಗುವುದಿಲ್ಲ. ಅದನ್ನು ಅತ್ತೆಗೂ ನಾನೇ ಹೇಳುತ್ತೇನೆ. ಆದರೆ ಅವನು ಯಾರನ್ನು ಕೇಳಿ ಅಳಬೇಕೆಂದು ನಾನು ಯಾರು ಹೇಳಲು? ಇನ್ನು ಒಂದೂವರೆ ತಿಂಗಳು ನಾನು ಹಾಸಿಗೆಯಲ್ಲಿದ್ದೇನೆ. ಆಮೇಲೆ ಇನ್ನೊಂದು ಬರುತ್ತದೆ. ಬೀಗರ ಮನೆಯಲ್ಲಿ ಹೇಗೆ ಇರಲಿ ಎಂದು ಮರ್ಯಾದೆ ನೋಡಬೇಡಿ. ನಮ್ಮಮ್ಮ ನನ್ನ ಮಂಚದ ಪಕ್ಕದಲ್ಲೇ ನಿಮಗೆ ಹಾಸಿಗೆ ಹಾಕಿಸಿದ್ದಾಳೆ, ನಡುವೆ ಅವನಿಗೆ ಜಾಗ ಬಿಟ್ಟಿದ್ದಾಳೆ. ಬೈಲಹೊಂಗಲದ ಮಾತಿಗೆ ನೀವು ನನಗೆ ಎದುರಿಗೆ ಕೂತು ಬೈಯಬೇಕು, ಕಾಗದದಲ್ಲಿ ಸಾಲದು.

ಇವರು ನಾಳೆ ಸಂಜೆ ಈ ಕಾಗದ ತಂದು ಕೊಡುತ್ತಾರೆ, ಭಾನುವಾರ ಬೆಳಿಗ್ಗೆ ನಿಮ್ಮನ್ನು ಕರೆತರುತ್ತಾರೆ. ಉತ್ತರ ಬರೆಯಬೇಡಿ, ಬನ್ನಿ. ಬಾರದೆ ಇರುವ ಹಾಗಿಲ್ಲ, ಏಕೆಂದರೆ ಇವತ್ತು ಹಾಸಿಗೆಗೆ ಬಂದಾಗ ಅವನು ಕೇಳುವ ಮೊದಲೇ ನಾನು ಹೇಳಿಬಿಟ್ಟೆ. "ಫುಪ್ಪು ಇವತ್ತು ಇಲ್ಲ. ಹೂಲ್ಯಾಗ ಅದಾಳ. ಐತವಾರ ಬರತಾಳ." ನನ್ನ ಬಾಯಿಯನ್ನು ತುಂಬ ಹೊತ್ತು ನೋಡಿದ. ಬಾಗಿಲ ಕಡೆ ತಿರುಗಿ ಮಲಗಿದ. ಅಳಲಿಲ್ಲ. ಈಗ ಒಂಬತ್ತೂಕಾಲು, ನಿದ್ದೆ ಹತ್ತಿದೆ.

ನಿಮ್ಮ
ಫರೀನ್